ಹಕ್ಕಿಜ್ವರದ ನೆಪ, ಹರಕೆಯ ಹುಂಜ

ಮನೆಯಾಕೆ ಶಾಂತಾ,

…ಹೀಗಾಗಿ ಬೆಕ್ಕು ಸಾಯಲಿಲ್ಲ. ಅಷ್ಟು ಬರೆದು ನಿನ್ನೆ ಎದ್ದುಬಿಟ್ಟೆ. ನೀನಿದ್ದಿದ್ದರೆ, "ಅರ್ಧಕ್ಕ ಬಿಟ್ಟು ಏಳೂ ಚಾಳಿ ಎಂದ ಬಿಡ್ತೀರಿ?" ಎನ್ನುತ್ತಿದ್ದೆ.

ಮಹಾರಾಷ್ಟ್ರದ ಕಡೆ ಹಕ್ಕಿಜ್ವರವೆಂದು ರೇಡಿಯೋದಲ್ಲಿ ಬಂದ ವಾರವೇ ನಮ್ಮ ಹೇಂಟೆಗಳು ಸತ್ತವು. ಎಂದಿನಂತೆ ತಿಪ್ಪೆಗೆ ಎಸೆದೆ. ನಿನ್ನ ಬೆಕ್ಕು ಒಂದನ್ನು ಎಳೆದು ತಿಂದು ಒಲೆಯ ಹಿಂದೆ ಮುದುಡಿಕೊಂಡಿತು. ಉಳಿದದ್ದು ಹುಂಜವೊಂದೇ. ನಾನು ನ್ಯುಮೋನಿಯಾದಲ್ಲಿ ಮಲಗಿದ್ದಾಗ ಅದರ ಕಾಲಿಗೆ ಅರಿಸಿನದ ದಾರ ಕಟ್ಟಿ ದ್ಯಾಮವ್ವನಿಗೆ ಬೇಡಿಕೊಂಡಿದ್ದೆಯಲ್ಲ, ಅದು. ನಾನು ಎದ್ದೆ. ಹರಕೆ ಮುಟ್ಟಿಸುವ ಮೊದಲೇ ನೀನು…

ಹಳಿಯಾಳದಿಂದ ದನದ ಡಾಕ್ಟರ್ ಬಾಯಿ ಬಂದು ಸತ್ತ ಕೋಳಿಯ ಮಾದರಿಯನ್ನು ಪರೀಕ್ಷೆಗೆ ತೆಗೆದುಕೊಂಡರು. ಕೋಳಿ ಜಡ್ಡು ಬೆಕ್ಕಿಗೆ ಹೇಗೆ ಎಂದು ಕೇಳಿದೆ.

"ಆ ರೋಗಾಣು ಮೈಮ್ಯಾಲೆ ಒಂದು ಪ್ರೋಟೀನ್ ಇರ್ತೈತಿ, ಕಾಕಾ. ಅದನ್ನ ಕತ್ತರಿಸಿದ್ರಷ್ಟ ಒಳಗ ದಾರಿ. ಸಾದಾ ಜಾತೀದು ಹಲಸಿನಹಣ್ಣು ಇದ್ದಂಗ, ತಕ್ಕ ಕತ್ತಿ ಉಸಿರಿನ ದಾರ್ಯಾಗ, ಕರುಳಾಗ ಅಷ್ಟ ಸಿಗ್ತೈತಿ. ಪ್ರೋಟೀನ್ ಒಂಚೂರು ಬದಲಾತಂದ್ರ ಬಾಳೆಹಣ್ಣು. ಯಾರ ಕೈಯಾದ್ರೂ ಸುಲೀತೈತಿ. ಮೈತುಂಬ ಹರಡಬಹುದು, ಮಿದುಳಿಗೂ. ಬೆಕ್ಕಿಗೂ, ಮನುಷ್ಯಾಗೂ ಜೋರಾಗಬಹುದು. ಅದೊಂದ ಕಾರಣ ಅಲ್ಲ ಮತ್ತ."

ಬೆಕ್ಕೂ ಮನುಷ್ಯರೂ ಒಂದೇ ಗುಂಪಲ್ಲವೇ ಎಂದು ನಾನು ಕಾಲೇಜಿನ ಇಂಗ್ಲಿಷ್ ತೆಗೆದೆ: "ಮ್ಯಾಮಲ್ ಈಸ್ ಎನ್ ಎನಿಮಲ್ ವಿಚ್…" ಮುಂದಿನದು ಬರಲಿಲ್ಲ. ನೆನಪಿದೆಯೇ, ಒಮ್ಮೆ ನೀನು ನಕ್ಕಿದ್ದು? "ಹಾಲು ಕುಡಿಸಾವು ಮ್ಯಾಮಲ್ ಅಂದ್ರ ನೀವ್ಯಾವ ಮ್ಯಾಮಲ್ರಿ? ಒಂದು ಕಪ್ ಚಹಾ ಸೈತ ಮಾಡಿ ಕೊಟ್ಟವರಲ್ಲ!"

"ವರದಿ ಬರೂತನಕ ಹುಂಜ ಎಲ್ಲೀಗೂ ಒಯ್ಯಬ್ಯಾಡ್ರಿ, ಗುಡೀಗಂತೂ ಬ್ಯಾಡ," ಎಂದರು ಡಾಕ್ಟರ್ ಬಾಯಿ. ದಾಂಡೇಲಿ ಸಂತೆಯಲ್ಲಿ ಕೋಳಿ ಕೇಳುವವರಿಲ್ಲ, ಊರೆಲ್ಲ ಹೆದರಿ ಕೂತಿದೆ, ನನಗೆ ಮಾತ್ರ ಒಳಗೊಳಗೇ ಖುಷಿ. ಎಂಥ ಮನುಷ್ಯ ನಾನು? ಬೆಳಗ್ಗೆ ಹುಂಜ ಕೂಗಿದರೆ ನೀನು ಹಿತ್ತಲ ಬಾಗಿಲು ತೆಗೆದಂತಾಗುತ್ತದೆ. ಕೊಟ್ಟುಬಿಟ್ಟರೆ… ಆದರೆ ನನ್ನ ಜೀವಕ್ಕಾಗಿ ನೀನು ಕೊಟ್ಟ ಮಾತನ್ನು ನಾನೇ ತಡೆದು ಕೂತರೆ?

ನಿನ್ನೆ ವರದಿ ಬಂತು. ಹಕ್ಕಿಜ್ವರವಲ್ಲ, ಕೋಳಿಗಳಿಗೆ ಯಾವಾಗಲೂ ಬರುವ ಕೊಕ್ಕರೆ ರೋಗ. ಬೆಕ್ಕಿಗೆ ಬರೀ ಹೊಟ್ಟೆ ಕೆಟ್ಟಿತ್ತಂತೆ. ನನ್ನ ನೆಪ ಮುಗಿಯಿತು.

ಪೂಜಾರಿಯನ್ನು ಕೇಳಿದೆ, "ಕೊಯ್ಯಾಕಬೇಕೇನು?"

"ಬೇಡಿಕೊಂಡಾಕಿ ಏನಂದಿದ್ಲು?" ಎಂದ.

ನನಗೇನು ಗೊತ್ತು? ಜ್ವರದಲ್ಲಿದ್ದೆ. ಎದ್ದ ಮೇಲೂ ನಿನ್ನನ್ನು ಒಮ್ಮೆಯೂ ಕೇಳಲಿಲ್ಲ.

ಮಂಗಳವಾರ ಒಯ್ಯುತ್ತೇನೆ. ದ್ಯಾಮವ್ವನ ಮುಂದೆ ಬಿಟ್ಟು ತಿರುಗಿ ನಡೆಯುತ್ತೇನೆ. ಹಿಂದೆ ಬಂದರೆ ಕರೆಯುವುದಿಲ್ಲ, ಅಟ್ಟುವುದೂ ಇಲ್ಲ. ಅಷ್ಟಕ್ಕೆ ನೀನು ಒಪ್ಪುತ್ತೀಯಾ?

ಅರೆ, ಹೊತ್ತು ಮುಳುಗುತ್ತಿದೆ, ಅಕ್ಷರಗಳು ಮಸಕಾಗುತ್ತಿವೆ. ಹುಂಜ ತಾನು ಮಲಗುವ ಬುಟ್ಟಿಯ ಹತ್ತಿರ ಬಂದು ನಿಂತಿದೆ. ನೀನು ಕಟ್ಟಿದ ದಾರ ಹರಿಯುವಂತಾಗಿದೆ. ಕಣ್ಣು ಕಾಣುವಾಗಲೇ ಹೊಸದು ಕಟ್ಟಿಬಿಡಬೇಕು.