ಅರ್ಧ ವಾಕ್ಯದ ಬೋಧಕರು

ಪ್ರೀತಿಯ ಅಕ್ಕನಿಗೆ,

ನೀನು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಒಂಬತ್ತು ದಿನವಾಯಿತೆಂದು ತಿಳಿದು, ನಿನಗೆ ಆ ಸಲಹೆ ಕೊಟ್ಟ ಹೊಸ ಬೋಧಕರ ಪ್ರಾರ್ಥನಾ ಕೂಟಕ್ಕೆ ನಿನ್ನೆ ನಾನೂ ಹೋಗಿದ್ದೆ.

ನಮ್ಮ ಮುದ್ರಣಾಲಯದಲ್ಲಿ ಕರಡು ತಿದ್ದುವಾಗ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಮೂಲದ ಮೇಲೆ ಬೆರಳಿಟ್ಟುಕೊಂಡು ಸಾಗುತ್ತಾರೆ. ಅಭ್ಯಾಸಬಲದಿಂದ ಅಲ್ಲೂ ಬೈಬಲಿನ ಮೇಲೆ ಬೆರಳಿಟ್ಟೆ.

"ಆರೋಗ್ಯವಂತರಿಗೆ ವೈದ್ಯ ಬೇಕಾಗಿಲ್ಲ ಅಂತ ಯೇಸುವೇ ಹೇಳಿದ್ದಾನೆ," ಎಂದು ಅವರು ನಿಲ್ಲಿಸಿದರು. ನನ್ನ ಬೆರಳು ನಿಲ್ಲಲಿಲ್ಲ. ರೋಗಿಗಳಿಗೆ ಬೇಕು ಎಂದು ಅದೇ ವಾಕ್ಯ ಮುಂದುವರಿಯುತ್ತದೆ.

"ಅಯ್ಯನವರೇ, ಇನ್ನರ್ಧ ಬಿಟ್ಟೋಯ್ತಲ್ಲ?" ಎಂದೆ.

"ಅದು ಮುಂದಿನ ವಾರದ ಪಾಠ ಕಣಮ್ಮ," ಎಂದರು. ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು.

ಪ್ರಾರ್ಥನೆ ಬಿಡು ಎನ್ನುತ್ತಿಲ್ಲ, ಅಕ್ಕ. ನಿನಗಾಗಿ ನಾನೂ ಮಾಡುತ್ತಿದ್ದೇನೆ. ಆದರೆ ಇವತ್ತೇ ಡಾಕ್ಟರನ್ನು ಕಂಡು ಮಾತ್ರೆ ಶುರುಮಾಡು. ಈ ಪತ್ರ ತಂದಿರುವ ನನ್ನ ಯಜಮಾನರು ಸ್ಕೂಟರ್ ನಿಲ್ಲಿಸಿಕೊಂಡು ನಿನ್ನ ಬಾಗಿಲಲ್ಲೇ ಕಾಯುತ್ತಾರೆ. ನೀನು ಹತ್ತದಿದ್ದರೆ ಹತ್ತುವವರೆಗೂ ಕೀರ್ತನೆ ಹಾಡುತ್ತಾರಂತೆ. ಅವರ ಕಂಠ ನಿನಗೆ ಗೊತ್ತು. ಅಕ್ಕಪಕ್ಕದ ಮನೆಯವರ ಮೇಲಾದರೂ ಕರುಣೆಯಿರಲಿ.

ನಿನ್ನ ಜಗಳಗಂಟಿ ತಂಗಿ