ಬೇಲಿಯಾಚೆಯ ಅಜ್ಜಿ

ಮಾರ್ಚ್ ೯, ಭಾನುವಾರ

ನಿದ್ದೆ ಬರುತ್ತಿಲ್ಲ. ಇವತ್ತು ಬೇಲಿ ಕತ್ತರಿಸಲು ಹೋಗಲೇಬಾರದಿತ್ತು.

ಅಕ್ಕ ನೆಟ್ಟ ಹಸಿರುಬೇಲಿ ಬುಡದಲ್ಲಿ ಬೋಳಾಗುತ್ತಿತ್ತು. ಅಕ್ಕ ಎಂದರೆ ಇವರ ತೀರಿಕೊಂಡ ಮೊದಲ ಹೆಂಡತಿ. ನಾನು ಫೋಟೋದಲ್ಲಷ್ಟೇ ನೋಡಿದ್ದೇನೆ. "ಮೇಲೆ ಅಗಲ ಬಿಟ್ರೆ ಬುಡಕ್ಕೆ ಬಿಸಿಲು ಬೀಳಲ್ಲಮ್ಮ. ತಲೆ ಕಿರಿದು ಮಾಡಿ, ಕೆಳಗೂ ಚಿಗುರುತ್ತೆ," ಎಂದಿದ್ದ ನರ್ಸರಿಯವನು. ಸಂಜೆ ಅಕ್ಕನ ದೊಡ್ಡ ಕತ್ತರಿಯನ್ನೇ ಹಿಡಿದು ನಿಂತೆ.

ಪಕ್ಕದ ಮನೆಯ ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಸದ್ದು ಕೇಳಿ, ಗೋಡೆ ತಡವಿಕೊಂಡು ಬೇಲಿಯವರೆಗೂ ಬಂದರು.

"ಬಂದ್ಯಾ ಮಗಳೇ? ಈ ಕತ್ತರಿ ಸದ್ದು ಕೇಳಿ ಎಷ್ಟು ಕಾಲ ಆಯ್ತು."

ನಾನು ಅಕ್ಕ ಅಲ್ಲ ಎನ್ನಲು ಬಾಯಿ ಬರಲಿಲ್ಲ. "ಬಂದೆ ಅಜ್ಜಿ," ಎಂದುಬಿಟ್ಟೆ.

"ನಿನ್ನ ಜಾಗಕ್ಕೆ ಯಾರೋ ಬಂದಿದಾಳಂತೆ. ಪಾಪದವಳಂತೆ. ಅವಳನ್ನ ಹೆದರಿಸಬೇಡ ಕಣೇ."

ಅಂದರೆ ಅಕ್ಕ ಸತ್ತದ್ದು ಅಜ್ಜಿಗೆ ಗೊತ್ತಿದೆ. ಆದರೂ, "ಇಲ್ಲ ಅಜ್ಜಿ, ಹೆದರಿಸಲ್ಲ," ಎಂದೆ. ಆ ದನಿ ನನ್ನದು ಅನ್ನಿಸಲಿಲ್ಲ. ಅಜ್ಜಿ ಸಮಾಧಾನದಿಂದ ಒಳಗೆ ಹೋದರು.

ಇವರಿಗೆ ಹೇಳಿಲ್ಲ. ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾರೆ. ಅಕ್ಕನ ಪರವಾಗಿ ನಾನು ಮಾತು ಕೊಟ್ಟದ್ದೇನೋ ಆಯಿತು. ಆದರೆ ಅವಳನ್ನು ಕೇಳಿದವರು ಯಾರು? ಒಂದು ವೇಳೆ ಅವಳು ಆ ಮಾತಿಗೆ ಒಪ್ಪದಿದ್ದರೆ?