ರೇಡಿಯೊ ನುಂಗಿದ ‘ಮೌ’

ಹಾಮೆನೆ, ತಾಹಾ ದ್ವೀಪ
೧೪ ಆಗಸ್ಟ್ ೧೯೬೯

ಪ್ರೀತಿಯ ತಿಹೋನಿ ಅಣ್ಣಾ,

ನುಮೇಯದ ಗಣಿಧೂಳಿಗೆ ಹತ್ತಿಕೊಂಡ ನಿನ್ನ ಕೆಮ್ಮು ಹೇಗಿದೆ? ಕಷಾಯ ಕುಡಿಯುತ್ತಿದ್ದೀಯೋ, ಇಲ್ಲ ಸುಳ್ಳು ಬರೆಯುತ್ತಿದ್ದೀಯೋ? ಇಲ್ಲಿ ಎಲ್ಲರೂ ಕ್ಷೇಮ. ಅದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಮುಂದಿನದನ್ನು ಓದುವಾಗ ನಿನ್ನ ಎದೆ ಹಾರಬಾರದು.

ಹೋದ ವಾರ ಸೋಮವಾರ ನಿನ್ನ ಮಗ ಪೇನಿ, ನನ್ನ ಮಗ ರೋಪಾತಿ, ಮಾತಾಯೊ ಮಾವ, ಮೂವರೂ ಮೀನಿಗೆಂದು ಹವಳದಿಬ್ಬ ದಾಟಿ ಹೋದವರು ವಾಪಸು ಬರಲೇ ಇಲ್ಲ. ಹುಡುಕಿದವರಿಗೆ ದೋಣಿಯ ಒಂದು ಹಲಗೆಯೂ ಸಿಗಲಿಲ್ಲ. ನಾನೂ ತೇಪುವಾ ಅತ್ತಿಗೆಯೂ ಚರ್ಚಿನ ಹಿರಿಯ ಪೌಲೋ ಅವರ ಮನೆಯ ರೇಡಿಯೊ ಬಿಟ್ಟು ಕದಲಲಿಲ್ಲ. ಅವರ ಹೆಂಡತಿ ಸುಟ್ಟು ತಂದಿಟ್ಟ ದೀವಿಹಲಸು ಹಾಗೇ ಆರಿಹೋಗುತ್ತಿತ್ತು. ಶುಕ್ರವಾರ ಮಧ್ಯಾಹ್ನ ಪಪೇಟೆ ರೇಡಿಯೊ ನಿಲಯದಿಂದ ಸುದ್ದಿ ಬಂತು. ಕೊಬ್ಬರಿ ಹಡಗೊಂದಕ್ಕೆ ನಮ್ಮೂರ ದೋಣಿ ಸಿಕ್ಕಿದೆ, ಜೀವ ಉಳಿದಿದೆ. ಯಾರದು? ‘ತೇ’ ಅಂತ ಕೇಳಿಸಿತು, ಆಮೇಲೆ ಬರೀ ಗೊರಗೊರ, ಕೊನೆಗೆ ‘ತಾಆತಾ’.

ನಮ್ಮ ಮಾತಿನ ಸಂಗತಿ ನಿನಗೆ ಹೇಳಬೇಕೇ? ಒಬ್ಬ ಮನುಷ್ಯನಿಗೂ ‘ತಾಆತಾ’, ಹತ್ತು ಜನಕ್ಕೂ ‘ತಾಆತಾ’. ಎಣಿಕೆಯೆಲ್ಲ ಅದಕ್ಕೆ ಮೊದಲು ಬರುವ ಚೂರು ಮಾತಿನಲ್ಲೇ. ‘ನಾ’ ಅಂದಿದ್ದರೆ ಇಬ್ಬರು. ಬರೀ ‘ತೇ’ ಅಂದರೆ ಒಬ್ಬನೇ. ‘ಒಬ್ಬ,’ ಅಂದಳು ಅತ್ತಿಗೆ, ಗೋಡೆ ನೋಡುತ್ತ. ಯಾರು ಆ ಒಬ್ಬ? ನಾಲ್ಕು ದಿನ ಒಂದೇ ಚಾಪೆಯ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡಲಾರದೆ ಹೋದೆವು. ಪೌಲೋ ಮಾತ್ರ ಕಿವಿ ಉಜ್ಜಿಕೊಳ್ಳುತ್ತ, ‘ಸ್ವಲ್ಪ ತಡೀರಮ್ಮ. ತೇ ಆದ್ಮೇಲೆ ಒಂದು ಉಸಿರಿನಷ್ಟು ಜಾಗ ಇತ್ತು. ಅಲ್ಲೊಂದು ಮೌ ಇದ್ದಿರಬಹುದು’ ಅಂದರು. ‘ತೇ’ಗೆ ‘ಮೌ’ ಸೇರಿದರೆ ಹಲವರು, ಅಂದರೆ ಮೂವರೂ! ‘ಪ್ರಾರ್ಥನೆ ಗಂಟೆ ಹೊಡೆದರೇ ಕೇಳಿಸಲ್ಲ ಈ ಕಿವಿಗೆ,’ ಅಂದಳು ಅತ್ತಿಗೆ. ಆದರೂ ಎದ್ದು ಹೋಗಲಿಲ್ಲ.

ಸಂಜೆ ರೇಡಿಯೊದಲ್ಲಿ ಅದೇ ಸುದ್ದಿ ಮತ್ತೆ ಓದಿದರು. ‘ತೇ ಮೌ ತಾಆತಾ.’ ಒಂದು ಅಕ್ಷರವೂ ಮಸುಕಿಲ್ಲ. ಅತ್ತಿಗೆ ಪೌಲೋ ಅವರ ಬೋಳುತಲೆಗೆ ಮುತ್ತಿಟ್ಟಳು ಅಣ್ಣಾ, ಅವರ ಹೆಂಡತಿಯ ಎದುರೇ! ಭಾನುವಾರ ಮೂವರೂ ಬಂದಿಳಿದರು. ತುಟಿ ಒಡೆದಿತ್ತು, ಬೆನ್ನು ಸುಲಿದಿತ್ತು. ಮಾತಾಯೊ ಮಾವ ದಡಕ್ಕೆ ಕಾಲಿಟ್ಟವರೇ ಕೇಳಿದ್ದು ತಂಬಾಕು.

ದೇವರ ಕಣ್ಣು ನಿನ್ನ ಮೇಲಿರಲಿ. ಅತ್ತಿಗೆ ಬೇರೆ ಕಾಗದ ಬರೆಯುತ್ತಾಳಂತೆ.

ನಿನ್ನ ತಂಗಿ,
ರೂತಾ

ವಿ.ಸೂ.: ಅಂಚೆ ದೋಣಿ ಹೊರಟು ನಿಂತಿದೆ. ‘ಒಬ್ಬ’ ಅಂತ ಕೇಳಿದಾಗ, ಆ ಒಬ್ಬ ರೋಪಾತಿಯೇ ಆಗಿರಲಿ ಅಂತ ಬೇಡಿಕೊಂಡೆ. ಪೇನಿಯ ಹೆಸರು ನಾಲಿಗೆಗೆ ಬರಲೇ ಇಲ್ಲ, ಅವನಿಗೂ ಹಾಲೂಡಿಸಿದವಳು ನಾನು. ಅತ್ತಿಗೆ ಏನು ಬೇಡಿಕೊಂಡಳೋ ನಾನು ಕೇಳಿಲ್ಲ. ಅವಳೂ ನನ್ನನ್ನು ಕೇಳಿಲ್ಲ.